ಬ್ರೇಕಮ್ಮನ ಏಳು ಗುಂಡಿಗಳು

ನಮ್ಮ ಅತ್ತಿಗೆಯನ್ನು ಬೀದಿಯವರೆಲ್ಲ ಬ್ರೇಕಮ್ಮ ಎನ್ನುತ್ತಿದ್ದರು. ಬೆನ್ನ ಹಿಂದೆ ಮಾತ್ರ. ಎದುರಿಗೆ ಹಾಗೆ ಕರೆಯುವ ಗಂಡಸು ಆ ಬೀದಿಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಇಪ್ಪತ್ತೆರಡು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿದ ಹೆಂಗಸು. ಕಲಿಯುವವರ ಪಕ್ಕ ಕೂತು, ತಮ್ಮ ಕಾಲ ಕೆಳಗೂ ಒಂದು ಬ್ರೇಕ್ ಇದ್ದರೂ ಅದನ್ನು ಮುಟ್ಟದೆ, "ಬ್ರೇಕ್! ಬ್ರೇಕ್! ಕಾಲೇನು ಬಾಡಿಗೆಗೆ ಕೊಟ್ಟಿದೀರಾ?" ಎಂದು ಕೂಗುತ್ತಿದ್ದರು. ಗಾಜು ಏರಿಸಿದ್ದರೂ ಮೂರನೇ ತಿರುವಿನವರೆಗೆ ಕೇಳುತ್ತಿತ್ತು. ಅವರ ಹತ್ತಿರ ಕಲಿತವರಲ್ಲಿ ಅತ್ತವರಿದ್ದಾರೆ, ಗೋಡೆಗೆ ಗುದ್ದಿದವರಿಲ್ಲ. ಒಬ್ಬ ಬ್ಯಾಂಕ್ ಮ್ಯಾನೇಜರು ಪಾಠದ ನಡುವೆ ಕಾರು ನಿಲ್ಲಿಸಿ, ಇಳಿದು, ನಡೆದುಕೊಂಡೇ ಮನೆಗೆ ಹೋಗಿದ್ದನಂತೆ. ಮರುದಿನ ಮತ್ತೆ ಬಂದ.

ನನಗೆ ಅವರ ಮೇಲೆ ಪ್ರೀತಿ ಉಕ್ಕಿ ಹರಿಯುತ್ತಿತ್ತು ಎಂದು ಯಾರೂ ತಿಳಿಯಬಾರದು. ನಾನು ಅವರ ಗಂಡನ ತಮ್ಮ. ಪಕ್ಕದ ಬೀದಿಯಲ್ಲಿ ಒಂದು ಕೋಣೆ ಹಿಡಿದಿದ್ದೆ, ಊಟ ಮಾತ್ರ ಅವರ ಮನೆಯಲ್ಲಿ. ನಲವತ್ತು ದಾಟಿದ ಮೈದುನನಿಗೆ ದಿನಕ್ಕೆರಡು ಹೊತ್ತು ತಟ್ಟೆ ಹಾಕುವ ಅತ್ತಿಗೆ ಏನೆಲ್ಲ ಅನ್ನಬಹುದೋ ಅದನ್ನೆಲ್ಲ ಅವರು ಅನ್ನುತ್ತಿದ್ದರು. ನಾನು ತಲೆ ತಗ್ಗಿಸಿ ತಿನ್ನುತ್ತಿದ್ದೆ. ತಿಂದದ್ದು ಅರಗುತ್ತಿತ್ತು, ಕೇಳಿದ್ದು ಅರಗುತ್ತಿರಲಿಲ್ಲ.

ಅಣ್ಣನದು ಸದ್ದಿನ ಕೆಲಸ. ಹಿಂದಿನ ಕೋಣೆಯ ಗೋಡೆಗಳಿಗೂ ಬಾಗಿಲಿಗೂ ಹಳೆಯ ಹಾಸಿಗೆ ಹೊಡೆದು ಸ್ಟುಡಿಯೋ ಮಾಡಿಕೊಂಡಿದ್ದ. ಆದರೂ ಹೊರಗಿನ ಜೋರು ಸದ್ದು ಒಳಕ್ಕೆ ನುಸುಳುತ್ತಿತ್ತು. ಜಾಹೀರಾತಿಗೆ, ನಾಟಕಕ್ಕೆ, ಮಕ್ಕಳ ಮೊಬೈಲ್ ಆಟಗಳಿಗೆ ಬೇಕಾದ ಸದ್ದುಗಳು ಅಲ್ಲಿ ತಯಾರಾಗುತ್ತಿದ್ದವು. ನಾನು ಅವನ ಕೈಕೆಳಗೆ. ಕೋಣೆಯ ಅರ್ಧವನ್ನು ಮಾಡ್ಯುಲರ್ ಸಿಂಥ್ ತಿಂದಿತ್ತು. ಅಂದರೆ ಬೀರುವಿನಷ್ಟು ದೊಡ್ಡ ಮರದ ಚೌಕಟ್ಟು, ಅದರ ತುಂಬ ತಿರುಗಿಸುವ ಗುಬಟು, ತೂತು. ಒಂದು ತೂತಿನಿಂದ ಇನ್ನೊಂದಕ್ಕೆ ವೈರು ಸಿಕ್ಕಿಸಿದರೆ ಸದ್ದು ಹುಟ್ಟುತ್ತದೆ, ವೈರು ಕಿತ್ತರೆ ಹೋಗುತ್ತದೆ. ಅದಕ್ಕೆ ನೆನಪು ಅನ್ನುವುದೇ ಇಲ್ಲ. ನಿನ್ನೆಯ ಸದ್ದನ್ನು ಇವತ್ತು ಹಾಗೆಯೇ ಮತ್ತೆ ಹುಟ್ಟಿಸುತ್ತೇನೆಂದರೆ ಬ್ರಹ್ಮನ ಕೈಯಲ್ಲೂ ಆಗದು. ಅದಕ್ಕೇ ಪಕ್ಕದಲ್ಲಿ ಸ್ಯಾಂಪ್ಲರ್. ಊಟದ ತಟ್ಟೆಯಷ್ಟಗಲದ ಚೌಕ ಡಬ್ಬಿ, ಮೇಲೆ ಹದಿನಾರು ರಬ್ಬರ್ ಗುಂಡಿ. ಕಂಪ್ಯೂಟರ್ ಬೇಡ, ಬ್ಯಾಟರಿಯಲ್ಲೇ ನಡೆಯುತ್ತದೆ, ಒಳಗೇ ಒಂದು ಸಣ್ಣ ಸ್ಪೀಕರು. ಬೇಕಾದ ಸದ್ದನ್ನು ಹಿಡಿದು ಒಂದು ಗುಂಡಿಗೆ ಕಟ್ಟಿಹಾಕಿದರೆ, ಒತ್ತಿದಾಗಲೆಲ್ಲ ಅದೇ ಸದ್ದು. ಅತ್ತಿಗೆ ಬೀರುವನ್ನು "ನನ್ನ ಸವತಿ" ಎನ್ನುತ್ತಿದ್ದರು, ಡಬ್ಬಿಯನ್ನು "ಸವತಿ ಮಗ" ಎನ್ನುತ್ತಿದ್ದರು.

ಮನೆಯ ಮುಂದಿನ ಕೋಣೆ ಅಮ್ಮನದು. ಅಮ್ಮನಿಗೆ ಕಣ್ಣು ಹೋಗಿ ಆರು ವರ್ಷವಾಗಿತ್ತು. ಮದುವೆಯಾದ ಹೊಸದರಲ್ಲಿ ಅತ್ತೆ ಸೊಸೆ ಹಾವು ಮುಂಗುಸಿ. ಕಣ್ಣು ಹೋದ ಮೇಲೆ ಅದೇನಾಯಿತೋ, ಇಬ್ಬರೂ ಒಂದಾಗಿಬಿಟ್ಟರು. ಅತ್ತಿಗೆ ಅಡುಗೆಮನೆಯಲ್ಲಿ ನಿಂತೇ ಅಮ್ಮನನ್ನು ಮನೆಯೆಲ್ಲ ನಡೆಸುತ್ತಿದ್ದರು. "ಅತ್ತೆ, ಎಡಕ್ಕೆ. ಇನ್ನೊಂದು ಹೆಜ್ಜೆ. ಹಾಂ, ಬ್ರೇಕ್!" ಅಮ್ಮ ನಕ್ಕು ನಿಂತುಬಿಡುತ್ತಿದ್ದಳು. ಕೋಲು ಕೊಡಿಸಿದ್ದೆವು, ಅದನ್ನು ಮೂಲೆಯಲ್ಲಿ ಇಟ್ಟಿದ್ದಳು. "ನನ್ನ ಸೊಸೆ ಗಂಟಲು ಇರೋವಾಗ ಕೋಲು ಯಾಕೆ?" ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದಳು.

ಆ ಗಂಟಲಿಗೇ ಬಂತು. ಮೊದಲು ಧ್ವನಿ ಒಡೆಯಿತು, ಆಮೇಲೆ ಕೀರಲಾಯಿತು, ಆಮೇಲೆ ಪಿಸುಮಾತಿನಷ್ಟಾಯಿತು. ಕೂಗಿ ಕೂಗಿ ಹೀಗಾಗಿದೆ ಎಂದು ಐದು ತಿಂಗಳು ಬಿಸಿನೀರು ಕುಡಿದರು. ಡಾಕ್ಟರು ನೋಡಿದ ದಿನವೇ ಹೇಳಿದರು: ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಬರುವ ಶುಕ್ರವಾರ. ಆಮೇಲೆ ಕುತ್ತಿಗೆಯಲ್ಲಿ ಒಂದು ತೂತು, ಉಸಿರು ಅಲ್ಲಿಂದ. ಮಾತು ಇಲ್ಲ.

ಅತ್ತಿಗೆ ಡಾಕ್ಟರ ಮುಂದೆ ಅಳಲಿಲ್ಲ. ಮನೆಗೆ ಬಂದು, ಕಾರಿನಿಂದ ಇಳಿಯದೆ, ಸ್ಟೀರಿಂಗ್ ಹಿಡಿದುಕೊಂಡು ಅಣ್ಣನನ್ನು ಒಂದೇ ಒಂದು ಪ್ರಶ್ನೆ ಕೇಳಿದರು. "ರೀ, ನೀವೆಲ್ಲ ಬರೆದದ್ದನ್ನ ಓದ್ಕೊಳ್ತೀರ. ಅತ್ತೆಗೆ ನಾನಿದೀನಿ ಅಂತ ಗೊತ್ತಾಗೋದು ಹೇಗೆ?" ಅಣ್ಣ ರಾತ್ರಿಯೆಲ್ಲ ಯೋಚನೆ ಮಾಡಿ, ಬೆಳಗ್ಗೆ ಸ್ಯಾಂಪ್ಲರನ್ನು ತಂದು ಅತ್ತಿಗೆಯ ಮುಂದಿಟ್ಟ. "ಅಮ್ಮನಿಗೆ ದಿನಾ ಏನೇನು ಹೇಳ್ತೀಯೋ ಎಲ್ಲಾ ಇದ್ರಲ್ಲಿ ಹೇಳು. ಒಂದೊಂದು ಗುಂಡಿಗೆ ಒಂದೊಂದು ಮಾತು. ಹದಿನಾರು ಮುಗಿದ್ರೆ ಇನ್ನೊಂದು ಹದಿನಾರು ತಾನೇ ತೆರ್ಕೊಳ್ಳುತ್ತೆ. ಆಮೇಲೆ ನೀನು ಒತ್ತಿದ್ರೆ ಆಯ್ತು, ನಿನ್ನ ಧ್ವನೀಲೇ ಕೇಳುತ್ತೆ."

ಅತ್ತಿಗೆ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಕೊನೆಗೂ ಸವತಿ ಮಗನೇ ಗತಿ ಆದ," ಎಂದರು. ಆ ದಿನವೆಲ್ಲ ಕೂತು ನೋಟ್‌ಬುಕ್ಕಿನಲ್ಲಿ ಮಾತುಗಳ ಪಟ್ಟಿ ಬರೆದರು. ನಾಲ್ಕು ಪುಟ. ಆಮೇಲೆ ಅದನ್ನು ನಾನು ಓದಿದ್ದೇನೆ, ಬಾಯಿಪಾಠವೇ ಆಗಿದೆ. ಅತ್ತೆ, ಬಂದೆ. ಬಿಸಿ ಇದೆ, ಊದಿ ಕುಡೀರಿ. ಎರಡು ಮೆಟ್ಟಿಲು ಇದೆ. ಹೊರಗೆ ಮೋಡ ಆಗಿದೆ. ನಾನು ಇಲ್ಲೇ ಇದೀನಿ, ಮಲಕ್ಕೊಳ್ಳಿ. ಹೆದರ್ಬೇಡಿ ಅನ್ನುವುದನ್ನು ಒಮ್ಮೆ ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದರು.

ಈಗ ನನ್ನ ವಿಷಯ. ಸ್ಯಾಂಪ್ಲರಿನಲ್ಲಿ ಥ್ರೆಶೋಲ್ಡ್ ಎಂಬುದೊಂದಿದೆ. ನಾವು ಬರೀ ಮಟ್ಟ ಎನ್ನುತ್ತಿದ್ದೆವು. ಎಷ್ಟು ಜೋರಿನ ಸದ್ದಿಗೆ ಡಬ್ಬಿ ಎಚ್ಚರವಾಗಬೇಕು ಎನ್ನುವ ಲೆಕ್ಕ ಅದು. ಕೆಂಪು ದೀಪ ಮಿನುಗುತ್ತಿದ್ದರೆ ಡಬ್ಬಿ ಕಾಯುತ್ತಿದೆ. ಮಟ್ಟ ಮೀರಿದ ಸದ್ದು ಬಂದೊಡನೆ ದೀಪ ನಿಂತು ಉರಿಯುತ್ತದೆ, ಹಿಡಿಯತೊಡಗುತ್ತದೆ. ಸದ್ದು ನಿಂತು ನಾಲ್ಕೈದು ಸೆಕೆಂಡಿಗೆ ತಾನೇ ನಿಲ್ಲಿಸಿ ಮುಂದಿನ ಗುಂಡಿಗೆ ಹೋಗುತ್ತದೆ. ಬೀರುವಿನ ಸದ್ದು ಸಿಕ್ಕಾಪಟ್ಟೆ ಜೋರು, ಜೊತೆಗೆ ವೈರುಗಳ ಗುಂಯ್ ಬೇರೆ. ಆದ್ದರಿಂದ ಅದನ್ನು ಹಿಡಿಯುವಾಗ ಮಟ್ಟವನ್ನು ತೀರಾ ಮೇಲಕ್ಕೆ ಏರಿಸುತ್ತೇವೆ. ಮೈಕು ಹಾಕುವಾಗ ಕೆಳಕ್ಕೆ ಇಳಿಸುತ್ತೇವೆ. ನಮ್ಮ ಸ್ಟುಡಿಯೋದಲ್ಲಿ ಇದ್ದದ್ದು ಒಂದೇ ನಿಯಮ: ಏರಿಸಿದವನು ಕುರ್ಚಿಯಿಂದ ಏಳುವ ಮೊದಲು ಇಳಿಸಿಯೇ ಏಳಬೇಕು.

ಸೋಮವಾರ ಬೆಳಗ್ಗೆ ನಾನು ಬೀರುವಿನಿಂದ ಡ್ರಮ್ಮಿನ ಹೊಡೆತಗಳನ್ನು ಹಿಡಿಯುತ್ತಿದ್ದೆ. ಒಂದು ಜಾಹೀರಾತಿಗೆ ಅವತ್ತೇ ಕಳಿಸಬೇಕಿತ್ತು. ಅತ್ತಿಗೆ ನೋಟ್‌ಬುಕ್ ಹಿಡಿದು ಬಾಗಿಲಲ್ಲಿ ಬಂದು ನಿಂತರು. ಆ ಪಿಸುಧ್ವನಿಯಲ್ಲೂ ಎಷ್ಟು ಖಾರ ಇತ್ತೆಂದರೆ, ಇವತ್ತೂ ಕಿವಿ ಉರಿಯುತ್ತದೆ.

"ನನ್ನ ಬಾಯಿ ಹೋಗೋಕೆ ನಾಲ್ಕು ದಿನ ಇದೆ. ನೀನು ಡಬ್ಬ ಬಡ್ಕೊಂಡು ಕೂತಿದೀಯ."

"ಇನ್ನರ್ಧ ಗಂಟೆ ಅತ್ತಿಗೆ. ಇವತ್ತೇ ಕೊಡ್ಬೇಕು."

"ನೀನು ಕೊಡೋದು ಅಂತ ಒಂದಿದೆಯಾ? ಅಣ್ಣನ ತಟ್ಟೇಲಿ ಉಂಡು, ಅಣ್ಣನ ಡಬ್ಬ ಬಡ್ದು, ನಲವತ್ತೊಂದಾಯ್ತು. ದಂಡಪಿಂಡ ಅಂದ್ರೆ ನೀನೇ. ಏಳು."

ಎದ್ದೆ. ವೈರುಗಳನ್ನು ಹಿಡಿಹಿಡಿಯಾಗಿ ಕಿತ್ತು ಬಿಸಾಡಿ ಎದ್ದೆ. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಅದಕ್ಕೇ ಮೈಯೆಲ್ಲ ಬೆಂಕಿ ಬಿತ್ತು. ಮಟ್ಟ ಇಳಿಸುವುದು ಮರೆತೇಹೋಯಿತು. ಇದು ಮರೆವು. ಇಷ್ಟಕ್ಕೆ ನನ್ನನ್ನು ಯಾರೂ ನೇಣು ಹಾಕಲಾರರು.

ಅಣ್ಣ ಬಂದು ಡ್ರಮ್ಮು ತೆಗೆದು ಗುಂಡಿಗಳನ್ನು ಖಾಲಿ ಮಾಡಿ, ಮೈಕು ಸಿಕ್ಕಿಸಿ, ಅತ್ತಿಗೆಯನ್ನು ಕೂರಿಸಿ, "ಕೆಂಪು ದೀಪ ಬಂದ್ರೆ ಸಾಕು, ಒಂದೊಂದೇ ಮಾತು ಹೇಳ್ತಾ ಹೋಗು, ಬೇರೆ ಏನೂ ಮುಟ್ಬೇಡ," ಎಂದ. ಮಿನುಗುವ ಕೆಂಪು ಬೇರೆ, ನಿಂತ ಕೆಂಪು ಬೇರೆ ಎಂದು ಅವನಿಗೆ ಹೇಳಬೇಕೆನ್ನಿಸಲಿಲ್ಲ. ಇಪ್ಪತ್ತು ವರ್ಷ ಅದರ ಜೊತೆ ಬದುಕಿದವನಿಗೆ ಅದು ಹೇಳುವಂಥ ವಿಷಯವೇ ಅಲ್ಲ. ಅತ್ತಿಗೆ ಇಬ್ಬರನ್ನೂ ಆಚೆಗೆ ದಬ್ಬಿದರು. "ನನ್ನ ಅತ್ತೆ ಹತ್ರ ನಾನು ಮಾತಾಡುವಾಗ ನೀವು ಯಾರೂ ಇರಕೂಡದು. ಬಾಗಿಲು ತೆಗೆದವರ ಕಾಲು ಮುರೀತೀನಿ." ಅಣ್ಣ ಔಷಧಿ ತರಲು ಪೇಟೆಗೆ ಹೋದ.

ನಾನು ನಡುಮನೆಯಲ್ಲಿ ಕೂತು ಕುದಿಯುತ್ತಿದ್ದೆ. ಮುಕ್ಕಾಲು ಗಂಟೆ ಕಳೆದಿರಬೇಕು, ಮಟ್ಟ ನೆನಪಾಯಿತು. ಆ ಕ್ಷೀಣ ಧ್ವನಿಗೆ ಆ ಮಟ್ಟದಲ್ಲಿ ಡಬ್ಬಿ ಎಚ್ಚರವಾಗುವುದು ಸಾಧ್ಯವೇ ಇರಲಿಲ್ಲ. ಎದ್ದು ಹೋಗಿ ಬಾಗಿಲ ಮೇಲೆ ಕೈ ಇಟ್ಟೆ. ಒಳಗಿಂದ, ಎಲ್ಲಿತ್ತೋ ಆ ಶಕ್ತಿ, ಹಳೆಯ ಬ್ರೇಕಮ್ಮನ ಕೂಗೇ ಬಂತು: "ಯಾರದು ಬಾಗಿಲ ಹತ್ರ? ಹೋಗಿ ಅತ್ಲಾಗೆ!" ಹಿಂದೆಯೇ ಕೆಮ್ಮು.

"ನಾನೇ ಅತ್ತಿಗೆ," ಎಂದೆ. "ಡಬ್ಬಿ ಮಟ್ಟದ ವಿಷ್ಯ ಒಂದು ಹೇಳ್ಬೇಕಿತ್ತು." ಕೆಮ್ಮಿನಲ್ಲಿ ಅವರಿಗೆ ಅದು ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಬಹುದಿತ್ತು. ಬಾಗಿಲು ತಳ್ಳಬಹುದಿತ್ತು, ಕಾಲೇನು ಮುರಿಯುತ್ತಿರಲಿಲ್ಲ. ಆದರೆ ಬೆಳಗಿನ ಮಾತು ಇನ್ನೂ ಗಂಟಲಲ್ಲಿತ್ತು. "ಇರ್ಲಿ ಬಿಡಿ, ನೀವೇ ನೋಡ್ಕೊಳ್ಳಿ," ಎಂದು ತಿರುಗಿ ಬಂದು ಕೂತೆ. ನಾಲ್ಕು ಪುಟ ವ್ಯರ್ಥವಾಗಲಿ, ನಾಳೆ ಮತ್ತೊಮ್ಮೆ ಕೂತು ಹೇಳಲಿ, ಆಗ ಗೊತ್ತಾಗುತ್ತದೆ ಡಬ್ಬ ಬಡಿಯುವುದು ಎಂಥ ಕೆಲಸ ಅಂತ. ಹಾಗೆ ಅಂದುಕೊಂಡೆ. ಖುಷಿಯೂ ಆಯಿತು. ಇದನ್ನು ಮರೆವು ಎನ್ನಲಾಗದು.

ಐದು ಗಂಟೆಗೆ ಅತ್ತಿಗೆ ಹೊರಗೆ ಬಂದರು. ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡಿದ್ದರು, ಮುಖ ಬಿಳಿಚಿಕೊಂಡಿತ್ತು. ಮಾತಾಡಿಸಬೇಡಿ ಎಂದು ಕೈಮಾಡಿ, ಅಮ್ಮನ ಪಕ್ಕ ಕೂತು ಅವಳ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡರು. ಅಷ್ಟು ಸಮಾಧಾನದ ಮುಖವನ್ನು ನಾನು ಅವರಲ್ಲಿ ಕಂಡೇ ಇರಲಿಲ್ಲ. ನಾಳೆ ಹೇಳಿದರಾಯಿತು, ಇನ್ನೂ ಮೂರು ದಿನ ಇದೆಯಲ್ಲ ಎಂದುಕೊಂಡು ಊಟ ಮಾಡಿ ಕೋಣೆಗೆ ಹೋದೆ.

ಬೆಳಗ್ಗೆ ಎಂಟಕ್ಕೆ ಅಣ್ಣನ ಫೋನು. ಹಲ್ಲುಜ್ಜುವಾಗ ಅತ್ತಿಗೆಗೆ ಉಸಿರು ಕಟ್ಟಿತ್ತು. ಹಿಂದಿನ ದಿನದ ಮಾತಿಗೆ, ಆ ಒಂದು ಕೂಗಿಗೆ, ಗಂಟಲೊಳಗೆ ಬಾತುಕೊಂಡು ದಾರಿ ಮುಚ್ಚಿತ್ತು. ಆಸ್ಪತ್ರೆಯ ಬಾಗಿಲಲ್ಲೇ ಕುತ್ತಿಗೆಗೆ ತೂತು ಕೊರೆದರು. ಶುಕ್ರವಾರದವರೆಗೆ ಕಾಯಲಿಲ್ಲ, ಬುಧವಾರವೇ ಧ್ವನಿಪೆಟ್ಟಿಗೆಯನ್ನು ತೆಗೆದುಬಿಟ್ಟರು.

ಅಣ್ಣ ಆಸ್ಪತ್ರೆಯ ಬೆಂಚಿನಿಂದ ಕದಲಲಿಲ್ಲ. "ನೀನು ಮನೆಗೆ ಹೋಗಿ ಡಬ್ಬಿ ತೆಗೆದು ಒಂದೊಂದರ ಬಾಲ ಕತ್ತರಿಸಿಡೋ," ಎಂದ. ಸದ್ದಿನ ಕೊನೆಗೆ ಉಳಿಯುವ ಬೇಡದ ಭಾಗಕ್ಕೆ ನಾವು ಬಾಲ ಎನ್ನುತ್ತೇವೆ. ಹೋಗಿ ತೆಗೆದೆ. ಏಳು ಇದ್ದವು. ಒಂದು ಕೆಮ್ಮು. ಕುರ್ಚಿ ಉರುಳಿದ ಸದ್ದು. ಬೀದಿಯಲ್ಲಿ ಲಾರಿಯ ಹಾರ್ನು. ಅಡುಗೆಮನೆಯಲ್ಲಿ ಪಾತ್ರೆ ಬಿದ್ದದ್ದು. ಗಾಳಿಗೆ ಬಾಗಿಲು ಬಡಿದದ್ದು. ಗಂಟಲು ಸರಿಮಾಡಿಕೊಂಡದ್ದು. ಏಳನೆಯದು, "ಯಾರದು ಬಾಗಿಲ ಹತ್ರ? ಹೋಗಿ ಅತ್ಲಾಗೆ!" ಅದರ ಬಾಲದಲ್ಲಿ, ಕೆಮ್ಮಿನ ಹಿಂದೆ, ಸಣ್ಣಗೆ, ನನ್ನ ಧ್ವನಿ. ನಾಲ್ಕು ಪುಟದ ಒಂದೇ ಒಂದು ಮಾತು ಇರಲಿಲ್ಲ.

ಏಳನೆಯದರ ಬಾಲ ಕತ್ತರಿಸಿದೆ. ಕತ್ತರಿಸುವುದು ಅಂದರೆ ಸ್ಯಾಂಪ್ಲರಿನಲ್ಲಿ ನಿಜವಾಗಿ ಕತ್ತರಿಸಿದಂತಲ್ಲ, ಇಲ್ಲಿಗೆ ನಿಲ್ಲು ಎಂದು ಗುರುತು ಹಾಕುವುದಷ್ಟೇ. ಉಳಿದದ್ದು ಒಳಗೇ ಇರುತ್ತದೆ. ಪೂರ್ತಿ ಅಳಿಸಲು ಇನ್ನೊಂದು ಗುಂಡಿ ಒತ್ತಬೇಕು. ಅವಸರದಲ್ಲಿ ಅದನ್ನು ಒತ್ತುವ ನೆನಪೇ ಆಗಲಿಲ್ಲ. ಅಣ್ಣ ಕೇಳಿದಾಗ "ಆಯ್ತು" ಎಂದೆ.

ಮೂರು ವಾರಕ್ಕೆ ಅತ್ತಿಗೆ ಮನೆಗೆ ಬಂದರು. ಅಮ್ಮ ಬೆಳಗಿನಿಂದ ತಲೆ ಬಾಚಿಕೊಂಡು ಕುರ್ಚಿಯಲ್ಲಿ ತಯಾರಾಗಿ ಕೂತಿದ್ದಳು. ಅಣ್ಣ ಡಬ್ಬಿಯನ್ನು ಅವಳ ತೊಡೆಯ ಮೇಲಿಟ್ಟು, ಅತ್ತಿಗೆಯ ಬೆರಳನ್ನು ಹಿಡಿದು ಮೊದಲ ಗುಂಡಿಯ ಮೇಲೆ ಇಟ್ಟ. ಕೆಮ್ಮು. ಅಮ್ಮ ನಕ್ಕಳು. "ಇನ್ನೊಂದು ಒತ್ತು." ಕುರ್ಚಿ. "ಇದೇನೋ?" ಲಾರಿ. ಪಾತ್ರೆ. ಅತ್ತಿಗೆ ಒಂದೊಂದನ್ನೂ ಮೊದಲು ಮೆಲ್ಲಗೆ, ಆಮೇಲೆ ಬೇಗಬೇಗ ಒತ್ತಿದರು. ಏಳನೆಯದು ಕೂಗಿತು. ಅಮ್ಮ ಬೆಚ್ಚಿ ಕೈ ಹಿಂದಕ್ಕೆ ಎಳೆದುಕೊಂಡಳು. ಎಂಟರಿಂದ ಹದಿನಾರರವರೆಗೆ ಸದ್ದೇ ಇಲ್ಲ. ಅತ್ತಿಗೆ ಎಲ್ಲವನ್ನೂ ಎರಡೆರಡು ಸಲ ಒತ್ತಿದರು. ಬಾಯಿ ತೆರೆದರು. ಕುತ್ತಿಗೆಯ ತೂತಿನಿಂದ ಬುಸ್ ಎಂದು ಗಾಳಿ ಮಾತ್ರ ಬಂತು.

ಅಣ್ಣ ಡಬ್ಬಿಯ ಪರದೆ ನೋಡಿದ. "ಮಟ್ಟ ಮೇಲಿದೆ," ಎಂದ. ನನ್ನ ಕಡೆ ತಿರುಗಿ ಕೇಳಿದ, "ನೀನು ಇಳಿಸಿ ಎದ್ದಿದ್ದೆ ಅಲ್ವಾ?"

"ಇಳಿಸಿದ್ದೆ," ಎಂದೆ.

"ಹಾಗಿದ್ರೆ ಮೈಕು ಹಾಕುವಾಗ ನನ್ನ ಕೈಯೇ ತಾಗಿರ್ಬೇಕು. ನೋಡ್ಬೇಕಿತ್ತು. ನಾನು ನೋಡ್ಲೇ ಇಲ್ಲ." ನನ್ನ ಅಣ್ಣ ಅಂಥವನು. ನಂಬಿದರೆ ಮುಗಿಯಿತು.

ಅವತ್ತಿನಿಂದ ಅಮ್ಮ ಅವನ ಕೈಯಿಂದ ನೀರು ಕೂಡ ತೆಗೆದುಕೊಳ್ಳಲಿಲ್ಲ. ಅವನ ಹೆಜ್ಜೆ ಕೇಳಿದರೆ ಗೋಡೆಯ ಕಡೆ ತಿರುಗುತ್ತಿದ್ದಳು. "ನನ್ನ ಎರಡನೇ ಕಣ್ಣೂ ಕಿತ್ತ," ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಅಣ್ಣ ಬೀರುವಿನ ವೈರುಗಳನ್ನೆಲ್ಲ ಕಿತ್ತು ಚೀಲಕ್ಕೆ ತುಂಬಿ, ಬೀರುವಿಗೆ ಚಾದರ ಹೊದಿಸಿದ. ಸಭೆ ಸಮಾರಂಭಗಳಿಗೆ ಮೈಕು ಕಟ್ಟುವ ಕೆಲಸ ಹಿಡಿದು ಊರೂರು ಅಲೆಯತೊಡಗಿದ. ನನ್ನ ಮೇಲೆ ಅಮ್ಮನ ಪ್ರೀತಿ ಮಾತ್ರ ಇಮ್ಮಡಿಯಾಯಿತು. ನಾನು ಅದನ್ನೂ ತಿಂದೆ.

ಅತ್ತಿಗೆ ಸ್ವಲ್ಪ ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಆಮೇಲೆ ಒಂದು ದಿನ ಕಾರಿನ ಹಳೆಯ ಸೀಟ್‌ಬೆಲ್ಟ್ ಕತ್ತರಿಸಿ ಡಬ್ಬಿಗೆ ಹೊಲಿದು ಕೊರಳಿಗೆ ಹಾಕಿಕೊಂಡು ಬಂದರು. ಇದ್ದದ್ದರಲ್ಲೇ ಅತ್ತೆ ಸೊಸೆ ಒಂದು ಭಾಷೆ ಕಟ್ಟಿಕೊಂಡರು. ಕೆಮ್ಮು ಅಂದರೆ ಹೂಂ, ಇಲ್ಲೇ ಇದೀನಿ. ಕುರ್ಚಿ ಬಿದ್ದರೆ ಇಲ್ಲ, ಬೇಡ, ಅಲ್ಲ. ಪಾತ್ರೆ ಅಂದರೆ ಊಟ. ಲಾರಿ ಅಂದರೆ ಹೊರಗೆ ಹೋಗೋಣ. ಬಾಗಿಲು ಅಂದರೆ ಯಾರೋ ಬಂದಿದ್ದಾರೆ. ಗಂಟಲಿನ ಸದ್ದಿಗೆ ಅಮ್ಮ ಎದ್ದು ಅತ್ತಿಗೆಯ ಕಡೆ ನಡೆಯುತ್ತಿದ್ದಳು, ಮೂಲೆಯ ಕೋಲು ಹಿಡಿದು, ಎಡವುತ್ತ. ಏಳನೆಯ ಗುಂಡಿಯನ್ನು ಅತ್ತಿಗೆ ಅಮ್ಮನ ಮುಂದೆ ಒತ್ತುತ್ತಲೇ ಇರಲಿಲ್ಲ. ನೋಡಿದ ನೆಂಟರು ಮುಸಿಮುಸಿ ನಗುತ್ತಿದ್ದರು, ಮನೆಯೋ ಗುಜರಿ ಅಂಗಡಿಯೋ ಎಂದು.

ಈ ಆರು ಸದ್ದಿಗೆ ಮೀರಿದ್ದನ್ನು ಅತ್ತಿಗೆ ಸ್ಲೇಟಿನಲ್ಲಿ ಬರೆಯುತ್ತಿದ್ದರು, ಯಾರಾದರೂ ಅಮ್ಮನಿಗೆ ಓದಿ ಹೇಳಬೇಕಿತ್ತು. ಮೊದಲು ಅಣ್ಣ ಓದುತ್ತಿದ್ದ. ಒಂದು ಸಲ, ಪಾಪ, ಆಸೆಗೆ ಬಿದ್ದು, ಬರೆಯದೆ ಇದ್ದದ್ದನ್ನು ಸೇರಿಸಿ ಓದಿದ: "ನಿಮ್ಮ ಮಗನ ಹತ್ರ ಒಂದು ಮಾತಾಡಿ ಅತ್ತೆ ಅಂತ ಬರ್ದಿದಾಳಮ್ಮ." ಅತ್ತಿಗೆಗೆ ಸುಳ್ಳು ಆಗದು, ಗಂಡನದಾದರೂ ಸರಿ. ಕೈ ತಾನಾಗಿ ಕುರ್ಚಿ ಗುಂಡಿಗೆ ಹೋಯಿತು. ಒತ್ತಿದ ಮೇಲೆ ಒತ್ತಬಾರದಿತ್ತು ಎಂದು ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಅಮ್ಮ ಕೂಗಾಡಿದಳು, "ಬಾಯಿ ಇಲ್ಲದೋಳ ಬಾಯಲ್ಲಿ ಸುಳ್ಳು ತುರುಕ್ತೀಯಾ? ಇನ್ಮೇಲೆ ಇವಳು ಬರ್ದಿದ್ದನ್ನ ಚಿಕ್ಕೋನೇ ಓದ್ಬೇಕು. ಬೇರೆ ಯಾರು ಓದಿದ್ರೂ ನಾನು ನಂಬಲ್ಲ." ಹೀಗೆ ನಾನು ದಿನಾ ಹನ್ನೊಂದಕ್ಕೆ ಬಂದು ಸ್ಲೇಟು ಓದುವವನಾದೆ. ಇದ್ದದ್ದನ್ನು ಇದ್ದ ಹಾಗೇ ಓದುತ್ತಿದ್ದೆ. ಬೇರೆ ಎಲ್ಲದರಲ್ಲೂ ನಾನು ಪ್ರಾಮಾಣಿಕ ಮನುಷ್ಯ.

ಅತ್ತಿಗೆ ಯಂತ್ರಕ್ಕೆ ಹೆದರುವ ಹೆಂಗಸಲ್ಲ. ಮಾತಿಲ್ಲದ ಮಧ್ಯಾಹ್ನಗಳಲ್ಲಿ ಡಬ್ಬಿಯನ್ನು ತಿರುವಿ ತಿರುವಿ, ಮಿನುಗುವ ದೀಪ ಯಾವುದು, ನಿಂತ ದೀಪ ಯಾವುದು, ಮಟ್ಟ ಎಲ್ಲಿ, ಬಾಲ ಎಲ್ಲಿ ಎಂದು ತಾವೇ ಕಲಿತರು. ಒಮ್ಮೆ ಅಣ್ಣ ಮೂರು ದಿನದ ಕೆಲಸಕ್ಕೆ ಬೇರೆ ಊರಿಗೆ ಹೋಗಿದ್ದ. ನಾನು ಎಂದಿನಂತೆ ಹನ್ನೊಂದಕ್ಕೆ ಹೋದೆ. ಅಮ್ಮ ಮುಂದಿನ ಕೋಣೆಯಲ್ಲಿ ಮಲಗಿದ್ದಳು. ಅತ್ತಿಗೆ ನನ್ನನ್ನು ಸ್ಟುಡಿಯೋಗೆ ಕರೆದು, ಬಾಗಿಲು ಹಾಕಿ, ಏಳನೆಯ ಗುಂಡಿ ಒತ್ತಿದರು. ಕೂಗು ಬಂತು. ಆದರೆ ನಾನು ನಿಲ್ಲಿಸಿದ್ದಲ್ಲಿ ನಿಲ್ಲಲಿಲ್ಲ. ಕೆಮ್ಮು ಬಂತು, ಅದರ ಹಿಂದೆ, ಸ್ಟುಡಿಯೋದ ದೊಡ್ಡ ಸ್ಪೀಕರಿಗೆ ಸಿಕ್ಕಿಸಿ ಪೂರ್ತಿ ಜೋರು ಮಾಡಿದ್ದರಿಂದ ಸ್ಪಷ್ಟವಾಗಿ, ನಾನು ಬಂದೆ. "ನಾನೇ ಅತ್ತಿಗೆ. ಡಬ್ಬಿ ಮಟ್ಟದ ವಿಷ್ಯ ಒಂದು ಹೇಳ್ಬೇಕಿತ್ತು. ಇರ್ಲಿ ಬಿಡಿ, ನೀವೇ ನೋಡ್ಕೊಳ್ಳಿ."

ಅತ್ತಿಗೆ ಸ್ಲೇಟಿನಲ್ಲಿ ಬರೆದರು: ಗೊತ್ತಿತ್ತಾ?

ನಾನು ತಲೆ ಆಡಿಸಿದೆ. ಗೊತ್ತಿತ್ತು.

ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಸ್ಲೇಟು ಒರೆಸಿ, ನಿಧಾನವಾಗಿ, ದೊಡ್ಡ ಅಕ್ಷರದಲ್ಲಿ ಬರೆದು, ನನ್ನ ಮೊಣಕೈ ಹಿಡಿದು ಅಮ್ಮನ ಮುಂದೆ ತಂದು ನಿಲ್ಲಿಸಿದರು.

ಮುಂದಿನದನ್ನು ಹೇಳುವ ಮೊದಲು ಒಂದು ಮಾತು. ಅಣ್ಣ ಊರಿನಿಂದ ಬಂದ ಮೇಲೆ ಅತ್ತಿಗೆ ಅವನಿಗೆ ಎಲ್ಲ ಬರೆದು ತೋರಿಸಿದರು. ಅವನು ಅಮ್ಮನ ಕಾಲ ಹತ್ತಿರ ಕೂತು ಹೇಳಿಯೂ ಹೇಳಿದ. "ಈಗ ತಮ್ಮನ ತಲೆಗೆ ಕಟ್ತಾ ಇದೀಯಾ? ಎದ್ದು ಹೋಗು," ಎಂದಳು ಅಮ್ಮ. ಅತ್ತಿಗೆ ಕೆಮ್ಮಿನ ಗುಂಡಿ ಒತ್ತಿ ಹೌದೆಂದರೆ, ಅದನ್ನೂ ಅವನೇ ಒತ್ತಿದ್ದೆಂದಳು. ಆ ಏಳನೆಯ ಗುಂಡಿಯ ಬಾಲವನ್ನು ಕೇಳಿಸೋಣವೆಂದರೆ ಅದು ಉಳಿದಿರಲಿಲ್ಲ. ಅವತ್ತೇ, ಅತ್ತಿಗೆ ಡಬ್ಬಿ ಕಳಚಿಟ್ಟು ಅಡುಗೆಮನೆಗೆ ಹೋದಾಗ, ಗುರುತನ್ನು ಹಿಂದಿನ ಜಾಗಕ್ಕೆ ತಂದು, ಈ ಸಲ ನಾನು ಅಳಿಸುವ ಗುಂಡಿಯನ್ನು ಒತ್ತಿಯೇ ಹೋಗಿದ್ದೆ. ನಾಲ್ಕು ತಿಂಗಳ ನಂತರ ಅಮ್ಮ ತೀರಿಕೊಂಡಳು. ಕೊನೆಯ ಲೋಟ ನೀರನ್ನು ಕುಡಿಸಿದವನು ನಾನು.

ಅವತ್ತು, ನಾವು ಮುಂದೆ ನಿಂತಾಗ, ಅಮ್ಮ ಎದ್ದು ಕೂತು ಕಿವಿ ನಿಮಿರಿಸಿದಳು. ಅತ್ತಿಗೆ ಅವಳ ಮುಂದೆಯೇ ಅಕ್ಷರಗಳನ್ನು ಮತ್ತೊಮ್ಮೆ ತಿದ್ದಿದ ಬಳಪದ ಸದ್ದು ಅವಳಿಗೆ ಕೇಳಿಸಿತ್ತು. "ಏನೋ ದೊಡ್ಡದಾಗೇ ಬರ್ದಿದಾಳೆ. ಏನು ವಿಷ್ಯ?"

ಸ್ಲೇಟು ನನ್ನ ಕಣ್ಣ ಮುಂದೆ ಇತ್ತು. ಅತ್ತೆ, ನಿಮ್ಮ ದೊಡ್ಡ ಮಗನ ತಪ್ಪಿಲ್ಲ. ನನ್ನ ಧ್ವನಿ ಕಳೆದವನು ಇದನ್ನು ಓದುತ್ತಿರುವವನು.

"ಅಣ್ಣನ ವಿಷ್ಯ ಅಮ್ಮಾ," ಎಂದೆ. ಮುಂದಿನದನ್ನು ಓದಬೇಕೆಂದೇ ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅಮ್ಮನೇ ಕೇಳಿದಳು.

"ಏನಂತೆ? ಅವನನ್ನ ಕ್ಷಮಿಸಿಬಿಡಿ ಅಂತಾಳಾ?"

ಅತ್ತಿಗೆ ಕುರ್ಚಿ ಗುಂಡಿ ಒತ್ತಿದರು. ಅಲ್ಲ. ಅವರ ಮಟ್ಟಿಗೆ ಅದು ನಿಜವೇ. ತಪ್ಪೇ ಮಾಡದವನನ್ನು ಕ್ಷಮಿಸುವುದೇನು?

ಅಮ್ಮನ ಮುಖ ಬಿಗಿಯಿತು. "ಕ್ಷಮಿಸ್ಬೇಡಿ ಅಂತಾಳಾ?"

ಅತ್ತಿಗೆ ಮತ್ತೆ ಕುರ್ಚಿ ಒತ್ತಿದರು, ಮತ್ತೆ, ಮತ್ತೆ, ನನ್ನ ಕಡೆ ನೋಡುತ್ತ, ಓದು ಎಂದು ಸ್ಲೇಟನ್ನು ನನ್ನ ಎದೆಗೆ ಒತ್ತುತ್ತ. ಕುರ್ಚಿ ಬೀಳುತ್ತಲೇ ಇತ್ತು.

"ಓದೋ ಚಿಕ್ಕೋನೇ. ಏನು ಬರ್ದಿದಾಳೋ ಅದನ್ನೇ ಓದು."

"ಅದೇ ಅಮ್ಮಾ," ಎಂದೆ. "ಅವನನ್ನ ಯಾವತ್ತೂ ಕ್ಷಮಿಸೋದು ಬೇಡ ಅಂತಾನೇ ಬರ್ದಿದಾರೆ."

ಅತ್ತಿಗೆಯ ಬೆರಳು ಗುಂಡಿಯ ಮೇಲೆ ಬಿತ್ತು. ಕುರ್ಚಿ ಉರುಳಿತು. ಇನ್ನೊಮ್ಮೆ ಉರುಳಿತು.

"ಕೇಳ್ತು ತಾಯಿ, ಕೇಳ್ತು," ಎಂದು ಅಮ್ಮ ಕೈಚಾಚಿ ಅತ್ತಿಗೆಯ ಮಂಡಿಯನ್ನು ಹುಡುಕಿ ತಟ್ಟಿದಳು. "ನೀನೇ ಬೇಡ ಅಂದ್ಮೇಲೆ ನಾನು ಕ್ಷಮಿಸ್ತೀನಾ? ಬೇಡ ಅಂದ್ರೆ ಬೇಡ. ಸಾಯೋವರೆಗೂ ಅವನ ಮುಖಕ್ಕೆ ಮಾತಾಡಲ್ಲ, ಸಮಾಧಾನ ಮಾಡ್ಕೋ."

ಅತ್ತಿಗೆಯ ಬೆರಳು ಗುಂಡಿಯ ಮೇಲೇ ಇತ್ತು. ಒತ್ತಲಿಲ್ಲ. ಒತ್ತಿದಷ್ಟೂ ಗಂಡನ ಕುತ್ತಿಗೆಗೇ ಬರುತ್ತದೆಂದು ಅವರಿಗೆ ಅರ್ಥವಾಗಿತ್ತು. ಏಳನೆಯದನ್ನು ಒತ್ತಿದರೂ ಡಬ್ಬಿಯ ಸಣ್ಣ ಸ್ಪೀಕರಿನಲ್ಲಿ ಅಮ್ಮನಿಗೆ ಕೇಳುವುದು ಆ ಕೂಗು ಮಾತ್ರ. ಸ್ಲೇಟನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಖದ ಮುಂದೆ ಎತ್ತಿದರು. ಅಕ್ಷರ ಚೆನ್ನಾಗಿ ಕಾಣುತ್ತಿತ್ತು.

"ಇನ್ನೇನಂತೆ?" ಎಂದು ಅಮ್ಮ ಕೇಳಿದಳು.

"ಇನ್ನೇನೂ ಇಲ್ವಂತೆ ಅಮ್ಮಾ," ಎಂದೆ.